ಇವೋನ್ ಮಿಚೆಲ್ ಅವರ ಅರ್ಧ ಲೆಕ್ಕ ಇನ್ನೂ ಬಾಕಿ ಇದೆ: ಬಿಬಿಸಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಹಾನಿರ್ದೇಶಕರು,
ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್,
ಲಂಡನ್.

ವಿಷಯ: ನಟಿ ಇವೋನ್ ಮಿಚೆಲ್ ಅವರ ಕಿರುತೆರೆಯ ಕೆಲಸದಲ್ಲಿ ಉಳಿದಿರುವುದೆಷ್ಟು, ಕಳೆದುಹೋಗಿರುವುದೆಷ್ಟು ಎಂಬುದನ್ನು ಸಾರ್ವಜನಿಕರಿಗೆ ತಿಳಿಸುವ ಬಗ್ಗೆ ಮತ್ತು ಉಳಿದಿರುವುದನ್ನು ನೋಡಲು ದೊರಕಿಸಿಕೊಡುವ ಬಗ್ಗೆ.

ಮಾನ್ಯರೇ,

ನಾನು ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗ. ಟಿವಿ ಪರವಾನಗಿ ಶುಲ್ಕವನ್ನು ವರ್ಷ ವರ್ಷವೂ ತಪ್ಪದೆ ಕಟ್ಟುತ್ತಾ ಬಂದವನು. ಈ ಪತ್ರದ ಇಂಗ್ಲಿಷ್ ಪ್ರತಿ ತಮಗೆ ಅಂಚೆಯಲ್ಲಿ ಬರಲಿದೆ. ಅದನ್ನೇ ಕನ್ನಡದಲ್ಲಿ ಬಹಿರಂಗವಾಗಿ ಇಡುತ್ತಿರುವುದಕ್ಕೆ ಕಾರಣವಿದೆ. ಇಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ಆಗಾಗ ಒಂದೆಡೆ ಸೇರಿ ಹಳೆಯ ಕಪ್ಪು ಬಿಳುಪು ಚಿತ್ರಗಳನ್ನು ನೋಡುತ್ತೇವೆ, ನೋಡಿದ್ದರ ಬಗ್ಗೆ ಊರಿನಲ್ಲಿರುವ ಗೆಳೆಯರಿಗೆ ಬರೆಯುತ್ತೇವೆ. ಇವೋನ್ ಮಿಚೆಲ್ ಅವರ ಬಗ್ಗೆ ಬರೆಯಲು ಹೊರಟಾಗಲೆಲ್ಲ ಬರಹ ಅರ್ಧಕ್ಕೆ ನಿಲ್ಲುತ್ತದೆ. ಆ ಉಳಿದರ್ಧ ಎಲ್ಲಿದೆ ಎಂದು ಕೇಳಬೇಕಾದದ್ದು ತಮ್ಮನ್ನೇ. ತಾವು 2017ರಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆಗಳನ್ನು ಆರಂಭಿಸಿದಾಗ ನಮ್ಮ ಭಾಷೆಯನ್ನು ಪಕ್ಕಕ್ಕಿಟ್ಟಿರಿ. ಅದು ಬೇರೆಯದೇ ಜಗಳ, ಇಂದಿನ ಪತ್ರದ ವಿಷಯವಲ್ಲ.

ಅವರ ಹೆಸರು ಕೇಳದ ಓದುಗರಿಗಾಗಿ ಒಂದೆರಡು ಮಾತು. ಇವೋನ್ ಮಿಚೆಲ್ ಹುಟ್ಟಿದ್ದು 1915ರಲ್ಲಿ, ಲಂಡನ್ನಿನಲ್ಲಿ. ಬೆಳೆದದ್ದು ರಂಗಭೂಮಿಯಲ್ಲಿ. 1949ರ 'ದಿ ಕ್ವೀನ್ ಆಫ್ ಸ್ಪೇಡ್ಸ್' ಚಿತ್ರದಲ್ಲಿ ಮೊದಲ ದೊಡ್ಡ ಪಾತ್ರ ಸಿಕ್ಕಿತು. ಎದುರಿಗೆ ಈಡಿತ್ ಇವಾನ್ಸ್, ಆಂಟನ್ ವಾಲ್‌ಬ್ರೂಕ್ ಅಂಥವರು. 1953ರಲ್ಲಿ ಸ್ಟ್ರಾಟ್‌ಫರ್ಡ್‌ನ ರಂಗದಲ್ಲಿ ಮೈಕೆಲ್ ರೆಡ್‌ಗ್ರೇವ್ ಲಿಯರ್ ದೊರೆಯಾದಾಗ ಕಾರ್ಡೀಲಿಯ ಆದವರು ಇವರೇ. ನಾಟಕ ಬರೆದರು, ಕಾದಂಬರಿ ಬರೆದರು, 1957ರಲ್ಲಿ ಆತ್ಮಕತೆ ಪ್ರಕಟಿಸಿದರು, ಫ್ರೆಂಚ್ ಲೇಖಕಿ ಕೊಲೆಟ್ ಅವರ ಜೀವನ ಚರಿತ್ರೆಯನ್ನೂ ಬರೆದರು. 1979ರ ಮಾರ್ಚ್‌ನಲ್ಲಿ ತೀರಿಕೊಂಡರು.

ಈಗ ತಕರಾರಿಗೆ ಬರುತ್ತೇನೆ. 1953ರ ಡಿಸೆಂಬರ್ 6, ಭಾನುವಾರ. ರುಡಾಲ್ಫ್ ಕಾರ್ಟಿಯರ್ ಅವರ ನಿರ್ದೇಶನದಲ್ಲಿ, ಎಮಿಲಿ ಬ್ರಾಂಟೆ ಅವರ ಕಾದಂಬರಿಯನ್ನು ನೈಜೆಲ್ ನೀಲ್ ಅವರು ಟಿವಿಗಾಗಿ ನಾಟಕವಾಗಿ ಬರೆದುಕೊಟ್ಟ 'ವದರಿಂಗ್ ಹೈಟ್ಸ್' ತಮ್ಮ ಸಂಸ್ಥೆಯಿಂದ ನೇರ ಪ್ರಸಾರವಾಯಿತು. ಹೀತ್‌ಕ್ಲಿಫ್ ಆಗಿ ರಿಚರ್ಡ್ ಟಾಡ್, ಕ್ಯಾಥಿಯಾಗಿ ಇವೋನ್ ಮಿಚೆಲ್. ಮುಖ್ಯವಾಗಿ ಈ ಪಾತ್ರಕ್ಕಾಗಿಯೇ 'ಡೇಲಿ ಮೇಲ್' ಪತ್ರಿಕೆ ಅವರನ್ನು ವರ್ಷದ ಟಿವಿ ನಟಿ ಎಂದು ಆರಿಸಿತು. ಅಂದರೆ ಆ ವರ್ಷ ಈ ದೇಶದ ಟಿವಿಯಲ್ಲಿ ಯಾವ ನಟಿಯೂ ಇದಕ್ಕಿಂತ ಚೆನ್ನಾಗಿ ಅಭಿನಯಿಸಲಿಲ್ಲ ಎಂದು ನೋಡಿದವರೇ ಹೇಳಿದರು. ಆ ಅಭಿನಯದ ಒಂದು ಅಡಿ ಫಿಲ್ಮ್ ಕೂಡ ಇಂದು ನಮಗೆ ನೋಡಲು ಉಳಿದಿಲ್ಲ.

ಆಗಿನ ಕಾಲವೇ ಹಾಗಿತ್ತು, ನೇರ ಪ್ರಸಾರವನ್ನು ಹಿಡಿದಿಡುವ ವಿದ್ಯೆ ಇರಲಿಲ್ಲ ಎಂಬ ಸಮಾಧಾನದ ಮಾತನ್ನು ನಾನು ಅನೇಕರ ಬಾಯಲ್ಲಿ ಕೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ಟಿವಿ ಪರದೆಯ ಎದುರಿಗೆ ಚಲನಚಿತ್ರದ ಕ್ಯಾಮೆರಾ ನಿಲ್ಲಿಸಿ, ಪರದೆಯ ಮೇಲೆ ಓಡುವುದನ್ನು ಫಿಲ್ಮ್‌ಗೆ ಇಳಿಸಿಕೊಳ್ಳುವ ವಿಧಾನ ಆಗಲೇ ತಮ್ಮ ಕೈಯಲ್ಲಿತ್ತು. ಅದೇ ವರ್ಷದ ಜೂನ್ 2ರಂದು ರಾಣಿ ಎರಡನೆಯ ಎಲಿಜಬೆತ್ ಅವರ ಪಟ್ಟಾಭಿಷೇಕವನ್ನು ಹೀಗೆಯೇ ಫಿಲ್ಮ್‌ಗೆ ಇಳಿಸಿ, ಯುದ್ಧವಿಮಾನದಲ್ಲಿ ಅಟ್ಲಾಂಟಿಕ್ ದಾಟಿಸಿ, ಅಂದೇ ಕೆನಡಾದ ಜನರಿಗೆ ತೋರಿಸಿದಿರಿ. ಜುಲೈ ತಿಂಗಳಲ್ಲಿ 'ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್' ಧಾರಾವಾಹಿಯ ಮೊದಲ ಎರಡು ಕಂತುಗಳನ್ನೂ ಹೀಗೆ ಉಳಿಸಿಕೊಂಡಿರಿ. ಉಳಿದ ನಾಲ್ಕು ಇಲ್ಲ. ಹಾಗಾಗಿ ಡಿಸೆಂಬರ್‌ನ ಆ ಭಾನುವಾರ ಕೊರತೆಯಿದ್ದದ್ದು ಯಂತ್ರಕ್ಕಲ್ಲ. ನಾಟಕವೆಂದರೆ ಆ ಹೊತ್ತಿಗೆ ನೋಡಿ ಬಿಡುವ ವಸ್ತು, ಮತ್ತೆ ಬೇಕೆಂದರೆ ನಟರನ್ನೇ ಗುರುವಾರ ಕರೆಸಿ ಇನ್ನೊಮ್ಮೆ ಆಡಿಸಿದರಾಯಿತು ಎಂಬ ಲೆಕ್ಕಾಚಾರ ಅಂದಿನ ಕಚೇರಿಯದು.

ನನ್ನ ಹೊಟ್ಟೆ ಉರಿಸುವುದು ಇದರ ಮುಂದಿನ ಭಾಗ. 1962ರಲ್ಲಿ ಅದೇ ಕಾರ್ಟಿಯರ್, ಅದೇ ನೀಲ್ ಅವರ ಬರವಣಿಗೆಯನ್ನು ಇಟ್ಟುಕೊಂಡು, ಅದೇ ಬಿಬಿಸಿಗಾಗಿ ಮತ್ತೊಮ್ಮೆ 'ವದರಿಂಗ್ ಹೈಟ್ಸ್' ಮಾಡಿದರು. ಕ್ಲೇರ್ ಬ್ಲೂಮ್ ಕ್ಯಾಥಿಯಾದರು, ಕೀತ್ ಮಿಚೆಲ್ ಹೀತ್‌ಕ್ಲಿಫ್ ಆದರು. ಅದು ಉಳಿದಿದೆ. ಕ್ಲೇರ್ ಬ್ಲೂಮ್ ದೊಡ್ಡ ನಟಿ, ಅವರದು ಉಳಿದದ್ದಕ್ಕೆ ನನಗೆ ಸಂತೋಷವೇ. ಆದರೆ ಇಂದು ಯಾರಾದರೂ ಈ ನಾಟಕದ ಬಗ್ಗೆ ಬರೆಯುವಾಗ ಬ್ಲೂಮ್ ಅವರ ಕ್ಯಾಥಿಯನ್ನು ಮೆಚ್ಚುತ್ತಾರೆ, ಮಿಚೆಲ್ ಅವರ ಕ್ಯಾಥಿಯ ಬಗ್ಗೆ ಒಂದು ಸಾಲು ಹಾಕಿ ಮುಂದೆ ಹೋಗುತ್ತಾರೆ. ಬೇರೇನು ಮಾಡಲು ಸಾಧ್ಯ? ಕಾಣದ್ದನ್ನು ಮೆಚ್ಚುವುದು ಹೇಗೆ?

ಮರುವರ್ಷದ ಕಥೆ ಇದಕ್ಕಿಂತ ಸ್ವಲ್ಪ ಮೇಲು, ಅದೂ ಕೂದಲೆಳೆಯ ಅಂತರದಲ್ಲಿ. 1954ರ ಡಿಸೆಂಬರ್ 12ರ ಭಾನುವಾರ ಲೈಮ್ ಗ್ರೋವ್ ಸ್ಟುಡಿಯೊದಿಂದ ಜಾರ್ಜ್ ಆರ್ವೆಲ್ ಅವರ ಕಾದಂಬರಿ '1984', ಅದೇ ನೀಲ್ ಅವರ ಬರವಣಿಗೆಯಲ್ಲಿ, ಅದೇ ಕಾರ್ಟಿಯರ್ ಅವರ ನಿರ್ದೇಶನದಲ್ಲಿ ನಾಟಕವಾಗಿ ನೇರ ಪ್ರಸಾರವಾಯಿತು. ಸರ್ವಾಧಿಕಾರದ ಕಣ್ಣು ತಪ್ಪಿಸಿ ಪ್ರೀತಿಸಿ ಸಿಕ್ಕಿಬೀಳುವ ವಿನ್‌ಸ್ಟನ್ ಮತ್ತು ಜೂಲಿಯಾ ಅವರ ಕಥೆ ಅದು. ವಿನ್‌ಸ್ಟನ್ ಆಗಿ ಪೀಟರ್ ಕುಶಿಂಗ್, ಜೂಲಿಯಾ ಆಗಿ ಇವೋನ್ ಮಿಚೆಲ್, ಓಬ್ರಿಯೆನ್ ಆಗಿ ಆಂದ್ರೆ ಮೊರೆಲ್. ಸಂಗೀತಗಾರರು ಬೇರೊಂದು ಸ್ಟುಡಿಯೊದಲ್ಲಿ ಕುಳಿತು, ನಾಟಕ ನಡೆಯುತ್ತಿದ್ದ ಹೊತ್ತಿಗೇ ನುಡಿಸುತ್ತಿದ್ದರು. ಮೊದಲೇ ಚಿತ್ರೀಕರಿಸಿಟ್ಟ ತುಣುಕು ಪರದೆಯ ಮೇಲೆ ಓಡುವಷ್ಟು ಹೊತ್ತಿನಲ್ಲಿ ನಟರು ಉಡುಪು ಬದಲಿಸಿ, ಒಂದು ಸೆಟ್‌ನಿಂದ ಇನ್ನೊಂದಕ್ಕೆ ಓಡಿ, ಏದುಸಿರು ಕಾಣದಂತೆ ಮಾತು ಆರಂಭಿಸಬೇಕಿತ್ತು. ತಪ್ಪಿದರೆ ತಿದ್ದಲು ಎರಡನೆಯ ಟೇಕ್ ಎಂಬುದಿಲ್ಲ. ಸುಮಾರು ಎರಡು ಗಂಟೆ ಹೀಗೆ.

ಮಾರನೆಯ ದಿನದಿಂದ ಕೋಲಾಹಲ. ಇಂಥ ಹಿಂಸೆಯನ್ನು ಭಾನುವಾರ ಸಂಜೆ ಮನೆಯೊಳಗೆ ತಂದದ್ದೇಕೆ ಎಂದು ಪತ್ರಿಕೆಗಳು ಕೂಗಾಡಿದವು. ಪಾರ್ಲಿಮೆಂಟಿನಲ್ಲಿ ಕೆಲವು ಸದಸ್ಯರು ಖಂಡನೆಯ ಗೊತ್ತುವಳಿ ಮುಂದಿಟ್ಟರು, ಇನ್ನು ಕೆಲವರು ಬಿಬಿಸಿಯ ಪರ ನಿಂತರು. ಕಾರ್ಟಿಯರ್ ಅವರಿಗೆ ಬೆದರಿಕೆಗಳು ಬಂದವು. ನಾಟಕ ನೋಡುತ್ತಾ ಒಬ್ಬ ಗೃಹಿಣಿ ಕುಸಿದು ಸತ್ತರೆಂದು ಒಂದು ಪತ್ರಿಕೆ ದಪ್ಪಕ್ಷರದಲ್ಲಿ ಅಚ್ಚು ಹಾಕಿತು. ಇದರ ನಡುವೆ, ತಾನೂ ರಾಣಿಯವರೂ ನಾಟಕವನ್ನು ನೋಡಿ ಮೆಚ್ಚಿದ್ದಾಗಿ ರಾಜಕುಮಾರ ಫಿಲಿಪ್ ಒಂದು ಸಮಾರಂಭದಲ್ಲಿ ಹೇಳಿಬಿಟ್ಟರು. ಗುರುವಾರದ ಮರುಪ್ರದರ್ಶನವನ್ನು ಕೈಬಿಡಬೇಕೆಂಬ ಒತ್ತಡಕ್ಕೆ ತಮ್ಮ ಹಿಂದಿನವರು ಮಣಿಯಲಿಲ್ಲ. ಆ ಧೈರ್ಯಕ್ಕೆ ಇಂದಿಗೂ ಒಂದು ನಮಸ್ಕಾರ ಸಲ್ಲಬೇಕು. ಡಿಸೆಂಬರ್ 16ರಂದು ಇಡೀ ತಂಡ ಮತ್ತೆ ಬಂದು, ಮೊದಲಿನಿಂದ ಕೊನೆಯವರೆಗೂ ಮತ್ತೊಮ್ಮೆ ಆಡಿತು. ಅಂದು ನೋಡಿದವರು ಸುಮಾರು 70 ಲಕ್ಷ ಜನ.

ಫಿಲ್ಮ್‌ಗೆ ಇಳಿದದ್ದು ಈ ಎರಡನೆಯ ಪ್ರದರ್ಶನ. ಮೊದಲನೆಯದು ಹೋಯಿತು. ಗದ್ದಲಕ್ಕೆ ಹೆದರಿ ಗುರುವಾರ ಬಾಗಿಲು ಹಾಕಿದ್ದರೆ ಇವೋನ್ ಮಿಚೆಲ್ ಅವರ ಜೂಲಿಯಾ ಕೂಡ ಕ್ಯಾಥಿಯ ದಾರಿ ಹಿಡಿಯುತ್ತಿದ್ದಳು.

ಉಳಿದ ಆ ಮುದ್ರಿಕೆಯನ್ನು ನಾನು ನೋಡಿದ್ದೇನೆ. ಚಿತ್ರ ಅಲ್ಲಲ್ಲಿ ಮಂಕು, ಧ್ವನಿ ಅಲ್ಲಲ್ಲಿ ಹರಿದಂತೆ. ಕುಶಿಂಗ್ ಅವರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನ್ಯಾಯವಾಗಿಯೇ ಬರೆದಿದ್ದಾರೆ. ನಾನು ಕೊನೆಯ ಭೇಟಿಯಲ್ಲಿ ಮಿಚೆಲ್ ಅವರನ್ನೇ ನೋಡಿ ಎನ್ನುತ್ತೇನೆ. ಹಿಂಸೆಯ ಕೋಣೆಗಳನ್ನು ದಾಟಿ ಬಂದ ಇಬ್ಬರು ಹೋಟೆಲಿನಲ್ಲಿ ಎದುರಾಗುತ್ತಾರೆ. ನಿನ್ನನ್ನು ನಾನು ಬಿಟ್ಟುಕೊಟ್ಟೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಾಟಕದ ಮೊದಲರ್ಧದಲ್ಲಿ ಹಟ, ತುಂಟತನ, ಆಸೆ ಎಲ್ಲವೂ ಆಡುತ್ತಿದ್ದ ಅದೇ ಮುಖದಲ್ಲಿ ಇಲ್ಲಿ ಏನೂ ಇಲ್ಲ. ಅಳು ಇಲ್ಲ, ನಾಚಿಕೆ ಇಲ್ಲ, ಕೋಪವೂ ಇಲ್ಲ. ಏನನ್ನಾದರೂ ಮಾಡಿ ತೋರಿಸುವುದು ನಟಿಗೆ ಸುಲಭ. ಎರಡು ಗಂಟೆ ಓಡಾಡಿ ದಣಿದ ಮೇಲೆ, ನೇರ ಪ್ರಸಾರದಲ್ಲಿ, ಏನನ್ನೂ ಮಾಡದೆ ಕುಳಿತು ನೋಡುಗರನ್ನು ಅಲುಗಾಡಿಸುವುದು ಎಲ್ಲರಿಗೂ ಒದಗುವ ವಿದ್ಯೆಯಲ್ಲ.

ಚಲನಚಿತ್ರದ ಮಾತು ಬೇರೆ. ಅಲ್ಲಿ ಅವರ ಕೆಲಸ ಉಳಿದಿದೆ, ಏಕೆಂದರೆ ಚಿತ್ರ ಕಂಪನಿಗಳಿಗೆ ಫಿಲ್ಮ್ ಡಬ್ಬಿ ಎಂದರೆ ಮತ್ತೆ ಮತ್ತೆ ಮಾರಬಹುದಾದ ಸರಕು. 1954ರ 'ದಿ ಡಿವೈಡೆಡ್ ಹಾರ್ಟ್' ಚಿತ್ರದಲ್ಲಿ ಅವರು ಯುಗೋಸ್ಲಾವಿಯಾದ ತಾಯಿ. ನಾಜಿಗಳು ಕಸಿದುಕೊಂಡು ಹೋದ ಅವಳ ಮಗ ಜರ್ಮನ್ ದಂಪತಿಗಳ ಮನೆಯಲ್ಲಿ ಅವರದೇ ಮಗನಾಗಿ ಬೆಳೆದಿದ್ದಾನೆ. ಯುದ್ಧ ಮುಗಿದ ಮೇಲೆ ಹುಡುಗ ಯಾರಿಗೆ ಸೇರಬೇಕು ಎಂಬುದು ನ್ಯಾಯಾಲಯಕ್ಕೆ ಬರುತ್ತದೆ. ನಡೆದ ಘಟನೆಯನ್ನೇ ಆಧರಿಸಿದ ಕಥೆ. ಹೆತ್ತವಳ ಪಾತ್ರಕ್ಕೆ ಮಿಚೆಲ್ ಅವರಿಗೂ ಸಾಕಿದವಳ ಪಾತ್ರಕ್ಕೆ ಜರ್ಮನ್ ನಟಿ ಕಾರ್ನೆಲ್ ಬೋರ್ಶರ್ಸ್ ಅವರಿಗೂ ಬ್ರಿಟಿಷ್ ಅಕಾಡೆಮಿಯ ಪ್ರಶಸ್ತಿ ಬಂತು. ಒಬ್ಬರಿಗೆ ಬ್ರಿಟಿಷ್ ನಟಿ ಎಂದು, ಇನ್ನೊಬ್ಬರಿಗೆ ವಿದೇಶಿ ನಟಿ ಎಂದು. ತೆರೆಯ ಮೇಲಿನ ನ್ಯಾಯಾಧೀಶರು ಇಬ್ಬರಲ್ಲಿ ಒಬ್ಬಳನ್ನು ಆರಿಸಲೇಬೇಕಿತ್ತು. ಪ್ರಶಸ್ತಿ ಕೊಟ್ಟವರಿಗೆ ಆ ಕಷ್ಟ ಬರಲಿಲ್ಲ.

ಆಮೇಲೆ 1957ರ 'ವುಮನ್ ಇನ್ ಎ ಡ್ರೆಸಿಂಗ್ ಗೌನ್'. ನಮ್ಮ ಕೂಟದಲ್ಲಿ ಈ ಚಿತ್ರ ನೋಡಿದ ದಿನ ನಡೆದಷ್ಟು ಚರ್ಚೆ ಇನ್ನಾವ ಚಿತ್ರಕ್ಕೂ ನಡೆದಿಲ್ಲ. ಏಮಿ ಎಂಬ ಗೃಹಿಣಿ. ಇಕ್ಕಟ್ಟಾದ ಫ್ಲ್ಯಾಟು, ಗಟ್ಟಿಯಾಗಿ ಅರಚುವ ರೇಡಿಯೊ, ಸೀದುಹೋಗುವ ತಿಂಡಿ, ಎಂದೂ ಮುಗಿಯದ ಮನೆಗೆಲಸ, ಹೊತ್ತು ಮುಳುಗಿದರೂ ಮೈಮೇಲಿಂದ ಇಳಿಯದ ಬೆಳಗಿನ ಗೌನು. ಪ್ರೀತಿಗೆ ಕೊರತೆಯಿಲ್ಲ, ಅಚ್ಚುಕಟ್ಟು ಎಂಬುದು ಮಾತ್ರ ಅವಳ ಹತ್ತಿರ ಸುಳಿಯುವುದಿಲ್ಲ. ಗಂಡ ಕಚೇರಿಯ ತರುಣಿಯೊಬ್ಬಳಲ್ಲಿ ಮನಸ್ಸಿಟ್ಟು, ನನಗೆ ವಿಚ್ಛೇದನ ಬೇಕು ಎನ್ನುತ್ತಾನೆ. ಏಮಿ ಆ ತರುಣಿಯನ್ನು ಮನೆಗೇ ಕರೆದು ಎದುರಿಸುವ ಸಿದ್ಧತೆ ಮಾಡುತ್ತಾಳೆ. ನಿಶ್ಚಿತಾರ್ಥದ ಉಂಗುರವನ್ನು ಗಿರವಿ ಇಟ್ಟು ಕೂದಲು ಅಲಂಕಾರ ಮಾಡಿಸಿಕೊಳ್ಳುತ್ತಾಳೆ, ಒಂದು ಬಾಟಲಿ ವಿಸ್ಕಿ ಕೊಳ್ಳುತ್ತಾಳೆ. ದಾರಿಯಲ್ಲಿ ಮಳೆ ಹೊಡೆದು ಅಲಂಕಾರವೆಲ್ಲ ನೀರಾಗುತ್ತದೆ. ಮನೆಗೆ ಬಂದು ಒಳ್ಳೆಯ ಉಡುಪು ತೊಡಲು ಹೋದರೆ ಅದು ಹರಿಯುತ್ತದೆ. ಧೈರ್ಯಕ್ಕೆಂದು ನೆರೆಯವಳ ಜೊತೆ ಕುಡಿದ ವಿಸ್ಕಿ ತಲೆಗೇರುತ್ತದೆ. ಹೀಗೆ ಒಂದರ ಮೇಲೊಂದು ಬಂದು ಬೀಳುವ ಅನಾಹುತಗಳನ್ನು ಬೇರೆ ಯಾರ ಕೈಗೆ ಕೊಟ್ಟಿದ್ದರೂ ನಗೆಯಾಟವಾಗುತ್ತಿತ್ತು, ಇಲ್ಲವೇ ಕಣ್ಣೀರಿನ ಹೊಳೆಯಾಗುತ್ತಿತ್ತು. ಮಿಚೆಲ್ ಎರಡೂ ಕಡೆಗೆ ಜಾರುವುದಿಲ್ಲ. ನಗಲು ಬಾಯಿ ತೆರೆದವರಿಗೆ ತಮ್ಮ ಬಗ್ಗೆಯೇ ನಾಚಿಕೆಯಾಗುವಂತೆ ಮಾಡುತ್ತಾರೆ.

ಈ ಪಾತ್ರಕ್ಕೆ ಬರ್ಲಿನ್ ಚಿತ್ರೋತ್ಸವ ಅತ್ಯುತ್ತಮ ನಟಿಯೆಂದು ಬೆಳ್ಳಿ ಕರಡಿ ಕೊಟ್ಟಿತು. ಇಂಗ್ಲೆಂಡಿನ ಕಾರ್ಮಿಕ ವರ್ಗದ ಅಡುಗೆಮನೆಯನ್ನು ತೆರೆಗೆ ತಂದ ಕೀರ್ತಿಯನ್ನು ವಿಮರ್ಶಕರು ಸಾಮಾನ್ಯವಾಗಿ 1959ರಿಂದೀಚೆಗೆ ಬಂದ ಸಿಟ್ಟಿನ ಯುವಕರ ಚಿತ್ರಗಳಿಗೆ ಕೊಡುತ್ತಾರೆ. ಎರಡು ವರ್ಷ ಮೊದಲೇ ಒಬ್ಬ ನಡುವಯಸ್ಸಿನ ಹೆಂಗಸು ಆ ಅಡುಗೆಮನೆಯಲ್ಲಿ ನಿಂತಿದ್ದಳು. ಅವಳು ಸಿಟ್ಟಿನ ಯುವಕನಾಗಿರಲಿಲ್ಲ, ಅದೇ ಅವಳ ತಪ್ಪಿರಬೇಕು. 2012ರಲ್ಲಿ ಈ ಚಿತ್ರ ಬ್ರಿಟನ್ನಿನ ಚಿತ್ರಮಂದಿರಗಳಿಗೆ ಮತ್ತೆ ಬಂದಾಗ ಹೊಸ ತಲೆಮಾರಿನವರು ನೋಡಿದರು, ಮೆಚ್ಚಿದರು. ಮೂಲ ಫಿಲ್ಮ್ ಉಳಿದಿದ್ದರಿಂದ ಅಲ್ಲವೇ ಅದು ಸಾಧ್ಯವಾದದ್ದು?

ಇನ್ನೂ ಹಲವು ಚಿತ್ರಗಳಿವೆ. 'ಟರ್ನ್ ದ ಕೀ ಸಾಫ್ಟ್ಲಿ'ಯಲ್ಲಿ ಜೈಲಿನಿಂದ ಹೊರಬರುವ ಮೂವರು ಹೆಂಗಸರಲ್ಲಿ ಒಬ್ಬಳು. 'ಯೀಲ್ಡ್ ಟು ದ ನೈಟ್'ನಲ್ಲಿ ಗಲ್ಲಿಗೆ ಕಾಯುತ್ತಿರುವ ಡಯಾನ ಡೋರ್ಸ್ ಅವರ ಪಕ್ಕದಲ್ಲಿ ಹಗಲಿರುಳು ಕಾವಲಿರುವ ಜೈಲಿನ ಅಧಿಕಾರಿ. ಬ್ರಿಟನ್ ಕೊನೆಯ ಬಾರಿಗೆ ಒಬ್ಬ ಹೆಂಗಸನ್ನು ಗಲ್ಲಿಗೇರಿಸಿದ ಮರುವರ್ಷ ಅದು ತೆರೆಗೆ ಬಂತು. 1959ರ 'ಸಫೈರ್'ನಲ್ಲಿ, ಕೊಲೆಯಾದ ಹುಡುಗಿಯನ್ನು ಮದುವೆಯಾಗಬೇಕಿದ್ದ ಯುವಕನ ಅಕ್ಕ. ನಾಟಿಂಗ್ ಹಿಲ್‌ನಲ್ಲಿ ಬಿಳಿಯರ ಗುಂಪುಗಳು ಕರಿಯರ ಮನೆಗಳ ಮೇಲೆ ದಾಳಿ ಮಾಡಿದ ಮರುವರ್ಷ ತೆರೆಕಂಡ ಈ ಚಿತ್ರವನ್ನು, ಬಣ್ಣದ ಕಾರಣಕ್ಕೆ ಈ ದೇಶದಲ್ಲಿ ಒಮ್ಮೆಯಾದರೂ ಓರೆನೋಟ ಎದುರಿಸಿದ ನಮ್ಮಂಥವರು ಬೇರೆ ರೀತಿಯಲ್ಲೇ ನೋಡುತ್ತೇವೆ. ನೋಡದವರ ಖುಷಿ ಕೆಡಿಸದೆ ಇಷ್ಟೇ ಹೇಳುತ್ತೇನೆ: ಕೊನೆಯಲ್ಲಿ ಮಿಚೆಲ್ ಅವರ ಮುಖವಾಡ ಕಳಚುವ ಗಳಿಗೆಯಲ್ಲಿ ನಮ್ಮ ಕೂಟದಲ್ಲಿ ಯಾರೂ ಚಹಾದ ಲೋಟ ಮುಟ್ಟಲಿಲ್ಲ.

ಮಾನ್ಯರೇ, ಇಷ್ಟೆಲ್ಲ ಹೇಳಿದ್ದು ಒಂದೇ ಮಾತಿಗಾಗಿ. ಚಿತ್ರಗಳು ಉಳಿದು, ಕಿರುತೆರೆಯ ಬಹುಪಾಲು ಅಳಿದ ಕಾರಣ ಈ ನಟಿಯ ಚಿತ್ರವೇ ಸೊಟ್ಟಗಾಗಿದೆ. ಇಂದು ಇವೋನ್ ಮಿಚೆಲ್ ಎಂದರೆ ದಣಿದ ಹೆಂಡತಿ, ನೊಂದ ತಾಯಿ, ಬಿಗಿದ ಮುಖದ ಅಕ್ಕ. ಬೆಟ್ಟದ ಗಾಳಿಯಲ್ಲಿ ಹುಚ್ಚೆದ್ದು ಪ್ರೀತಿಸುವ ಕ್ಯಾಥಿಯನ್ನು ಅವರು ಆಡಿದ್ದರು, ಅದಕ್ಕಾಗಿ ದೇಶವೇ ಮೆಚ್ಚಿತ್ತು ಎಂಬುದು ಪುಸ್ತಕದ ಅಡಿಟಿಪ್ಪಣಿಗೆ ಇಳಿದಿದೆ. ಉಳಿದದ್ದಕ್ಕೂ ಬೇರೆಯವರ ಹೆಸರಿನ ನೆರಳು. '1984' ಎಂದರೆ ಕುಶಿಂಗ್ ಅವರದು, ನೀಲ್ ಅವರದು, ಆರ್ವೆಲ್ ಅವರದು.

ಬಿಬಿಸಿಯ ಹಿಂದಿನವರ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ನ್ಯಾಯವಲ್ಲ ಎಂಬುದನ್ನೂ ಒಪ್ಪುತ್ತೇನೆ. 1958ರ ಸುಮಾರಿಗೆ ವಿಡಿಯೊ ಟೇಪು ಬಂದಾಗ ಅದು ಬಲು ದುಬಾರಿ, ಅಳಿಸಿ ಮತ್ತೆ ಬಳಸಬಹುದಾಗಿತ್ತು. ಹಳೆಯ ಕಾರ್ಯಕ್ರಮಗಳನ್ನೇ ಮತ್ತೆ ಮತ್ತೆ ತೋರಿಸಿದರೆ ಹೊಸ ಕೆಲಸ ಸಿಗದೆಂದು ನಟರ ಸಂಘವೇ ಹೆದರಿ, ಮರುಪ್ರಸಾರಕ್ಕೆ ಕಟ್ಟುಪಾಡು ಹಾಕಿಸಿತ್ತು. ತೋರಿಸಲಾಗದ ಟೇಪನ್ನು ಕಪಾಟಿನಲ್ಲಿ ಏಕೆ ಇಡಬೇಕು ಎಂದು ಅಂದಿನ ಗುಮಾಸ್ತ ಕೇಳಿದ್ದರೆ ಅವನನ್ನು ಬೈಯುವುದು ಹೇಗೆ? ಎಪ್ಪತ್ತರ ದಶಕದ ಕೊನೆಯವರೆಗೂ ಅಳಿಸುವ ಕೆಲಸ ನಡೆಯಿತು. ನಮ್ಮವರು ತಮಗಿಂತ ಮೇಲೆಂದು ಬೀಗುವಂತೆಯೂ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಇಂದು ನಮ್ಮ ಕೈಯಲ್ಲಿಲ್ಲ.

ಹೋದದ್ದಕ್ಕೆ ಅಳುತ್ತಾ ಕೂರುವ ಉದ್ದೇಶ ನನ್ನದಲ್ಲ. ಇರುವುದನ್ನು ಏನು ಮಾಡುತ್ತಿದ್ದೀರಿ ಎಂಬುದು ನನ್ನ ಪ್ರಶ್ನೆ.

1966ರ ಅಕ್ಟೋಬರ್‌ನಲ್ಲಿ ಬಿಬಿಸಿ 2ರ 'ಔಟ್ ಆಫ್ ದಿ ಅನ್‌ನೋನ್' ಸರಣಿಯಲ್ಲಿ ಇ. ಎಂ. ಫಾರ್ಸ್ಟರ್ ಅವರ ಕಥೆಯಾಧಾರಿತ 'ದಿ ಮಷೀನ್ ಸ್ಟಾಪ್ಸ್' ಪ್ರಸಾರವಾಯಿತು. ಆ ಸರಣಿಯ 49 ಕಂತುಗಳಲ್ಲಿ ಪೂರ್ತಿಯಾಗಿ ಉಳಿದಿರುವುದು 20. ಅದೃಷ್ಟಕ್ಕೆ ಇದು ಆ 20ರಲ್ಲಿ ಸೇರಿದೆ. ನೆಲದಡಿಯ ಗೂಡಿನಲ್ಲಿ, ಎಲ್ಲವನ್ನೂ ಯಂತ್ರದಿಂದಲೇ ಪಡೆಯುತ್ತಾ, ಬೇರೆ ಮನುಷ್ಯರ ಮೈ ಸೋಕಿದರೆ ಹೇಸುವ ತಾಯಿ ವಷ್ಟಿಯ ಪಾತ್ರ ಮಿಚೆಲ್ ಅವರದು. ತಲೆಯಲ್ಲಿ ಒಂದು ಕೂದಲೂ ಇಲ್ಲದ, ಬಿಳುಚಿದ ಆ ಮುಖ ಯಾವ ನಟಿಗೂ ಸುಲಭವಾಗಿ ಒಪ್ಪಿಗೆಯಾಗುವಂಥದ್ದಲ್ಲ. ಮಗ ಎದುರಿಗೆ ಬಂದು ನನ್ನನ್ನು ನೋಡು ಎಂದು ಕೇಳಿದರೆ ಅವಳಿಗೆ ಅದೊಂದು ಕಿರಿಕಿರಿ. ಮರುವರ್ಷ ಇಟಲಿಯ ಟ್ರಿಯೆಸ್ಟ್‌ನಲ್ಲಿ ನಡೆದ ವೈಜ್ಞಾನಿಕ ಕಲ್ಪನಾ ಚಿತ್ರಗಳ ಉತ್ಸವದಲ್ಲಿ ಇದು ಮೊದಲ ಬಹುಮಾನ ಪಡೆಯಿತು. ಕೋಣೆಯಲ್ಲಿ ಒಬ್ಬರೇ ಕುಳಿತು ಪರದೆಯ ಮೂಲಕ ಲೋಕದೊಡನೆ ಮಾತಾಡುವ ಇಂದಿನ ಮಕ್ಕಳಿಗೆ ಇದನ್ನು ತೋರಿಸಲು ಬೇರೆ ಪೀಠಿಕೆ ಬೇಕಿಲ್ಲ. 1973ರಲ್ಲಿ ಕೊಲೆಟ್ ಅವರ 'ಶೆರಿ'ಯನ್ನು ತಾವು ಪ್ರಸಾರ ಮಾಡಿದಾಗ, ತನಗಿಂತ ಬಹಳ ಚಿಕ್ಕವನನ್ನು ಪ್ರೀತಿಸಿ ಕೊನೆಗೆ ಬಿಟ್ಟುಕೊಡುವ ಲೆಯಾ ಆದವರೂ ಮಿಚೆಲ್. ಎರಡು ವರ್ಷದ ನಂತರ ಆ ಲೇಖಕಿಯ ಜೀವನ ಚರಿತ್ರೆ ಅವರ ಕೈಯಿಂದಲೇ ಬಂತು.

'1984'ರ ಉಳಿದ ಮುದ್ರಿಕೆಯನ್ನು 2022ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುದ್ಧಗೊಳಿಸಿ ಡಿಸ್ಕ್‌ನಲ್ಲಿ ಹೊರತಂದಿತು. ಆ ಕೆಲಸಕ್ಕೆ ಕೈಮುಗಿಯುತ್ತೇನೆ. ಆದರೆ ನೇರ ಪ್ರಸಾರದ ದಿನ ಪರದೆಯ ಮುಂದೆ ಕುಳಿತ 70 ಲಕ್ಷ ಜನ ಡಿಸ್ಕ್ ಕೊಂಡು ನೋಡಿದವರಲ್ಲ. ಜನರ ಹಣದಲ್ಲಿ ಜನರಿಗಾಗಿ ಮಾಡಿದ್ದು ಜನರ ಕೈಗೆ ಎಟುಕುವ ಕಡೆಯೇ ಇರಬೇಕು.

ಆದ್ದರಿಂದ ಮೊದಲ ಕೋರಿಕೆ: ಮಿಚೆಲ್ ಅವರು ತಮ್ಮಲ್ಲಿ ಮಾಡಿದ ಕೆಲಸಗಳಲ್ಲಿ ಏನು ಉಳಿದಿದೆಯೋ ಅಷ್ಟನ್ನೂ ಅಂತರ್ಜಾಲದಲ್ಲಿ ಕಾರ್ಯಕ್ರಮ ನೋಡುವ ತಮ್ಮ ತಾಣವಾದ ಐಪ್ಲೇಯರ್‌ನಲ್ಲಿ ಶಾಶ್ವತವಾಗಿ ಇಡಿ. ತಿಂಗಳು ಇಟ್ಟು ತೆಗೆಯುವ ಪದ್ಧತಿ ಇದಕ್ಕೆ ಬೇಡ. ಹಕ್ಕುಸ್ವಾಮ್ಯದ ತೊಡಕುಗಳು ಇರುತ್ತವೆ ಎಂದು ಗೊತ್ತು. ಎಲ್ಲಿ ತೊಡಕಿದೆಯೋ ಅಲ್ಲಿ ಇಂಥ ಕಾರಣಕ್ಕೆ ಇದನ್ನು ತೋರಿಸಲಾಗುತ್ತಿಲ್ಲ ಎಂದು ಒಂದು ಸಾಲು ಬರೆಯಿರಿ. ಬ್ರಿಟನ್ನಿನ ಹೊರಗೆ ಐಪ್ಲೇಯರ್ ತೆರೆಯುವುದಿಲ್ಲ. ಹಾಗಾಗಿ ಮೈಸೂರಿನಲ್ಲೋ ಧಾರವಾಡದಲ್ಲೋ ಸಿನಿಮಾ ಕಲಿಯುವ ವಿದ್ಯಾರ್ಥಿಗೆ ಇವು ಸಿಗುವ ದಾರಿ ಯಾವುದೆಂಬುದನ್ನೂ ಯೋಚಿಸಿ. ಅರ್ಧ ಶತಮಾನ ದಾಟಿದ ಕಪ್ಪು ಬಿಳುಪು ನಾಟಕವನ್ನು ಹೊರದೇಶಕ್ಕೆ ಮಾರಿ ಸಂಸ್ಥೆ ಇನ್ನೆಷ್ಟು ಸಂಪಾದಿಸಲಿದೆ?

ಎರಡನೆಯದು ದುಡ್ಡಿಗಿಂತ ಮನಸ್ಸು ಬೇಡುವ ಕೆಲಸ. 2014ರಲ್ಲಿ ತಾವು ತೆರೆದ 'ಜೀನೋಮ್' ಜಾಲತಾಣದಲ್ಲಿ 'ರೇಡಿಯೊ ಟೈಮ್ಸ್' ಪತ್ರಿಕೆಯ ದಶಕಗಳ ಕಾರ್ಯಕ್ರಮ ಪಟ್ಟಿ ಇದೆ. ಅಪೂರ್ವವಾದ ಕೆಲಸ. ಒಂದು ಹೆಸರು ಹಾಕಿದರೆ ಎಂದು, ಎಷ್ಟು ಹೊತ್ತಿಗೆ, ಯಾರೊಂದಿಗೆ ಎಂಬುದೆಲ್ಲ ಬರುತ್ತದೆ. ಅದರ ಮುದ್ರಿಕೆ ಇಂದು ಇದೆಯೇ, ಇದ್ದರೆ ಪೂರ್ತಿಯೋ ತುಣುಕೋ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಮಿಚೆಲ್ ಅವರ ಹೆಸರಿನಿಂದಲೇ ಆರಂಭಿಸಿ, ಪ್ರತಿ ಕಾರ್ಯಕ್ರಮದ ಮುಂದೆ ಇದೆ ಅಥವಾ ಇಲ್ಲ ಎಂದು ಬರೆಯಿಸಿ. ಅವರ ಜೊತೆಗೆ, ಹೆಸರೇ ಹೇಳಲು ಯಾರೂ ಇಲ್ಲದ ನೂರಾರು ನಟನಟಿಯರಿಗೂ ನ್ಯಾಯ ಸಿಕ್ಕೀತು.

ಈ ಪಟ್ಟಿಯಿಂದ ಇನ್ನೊಂದು ಉಪಯೋಗವಿದೆ. ಏನು ಕಳೆದಿದೆ ಎಂದು ಗೊತ್ತಿದ್ದರೆ ತಾನೇ ಹುಡುಕುವವರು ಹುಡುಕುತ್ತಾರೆ? ತಮ್ಮ ಕಾರ್ಯಕ್ರಮಗಳು 16 ಮಿಲಿಮೀಟರ್ ಫಿಲ್ಮ್‌ನಲ್ಲಿ ಲೋಕದ ಮೂಲೆ ಮೂಲೆಗೆ ಹೋಗಿದ್ದವು. 2013ರಲ್ಲಿ ನೈಜೀರಿಯಾದ ಒಂದು ಟಿವಿ ಕೇಂದ್ರದಲ್ಲಿ ತಮ್ಮ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ 'ಡಾಕ್ಟರ್ ಹೂ'ವಿನ ಕಳೆದುಹೋಗಿದ್ದ ಒಂಬತ್ತು ಕಂತುಗಳು ಸಿಕ್ಕವು. 2010ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕಳೆದೇಹೋದವೆಂದು ಕೈಬಿಟ್ಟಿದ್ದ ಹತ್ತಾರು ಬ್ರಿಟಿಷ್ ಟಿವಿ ನಾಟಕಗಳು ಒಟ್ಟಿಗೇ ಸಿಕ್ಕವು. ಅವುಗಳಲ್ಲಿ ಒಂದು ಯಾವುದು ಗೊತ್ತೇ? ನೀಲ್ ಅವರ ಅದೇ '1984' ಬರವಣಿಗೆಯನ್ನು ಇಟ್ಟುಕೊಂಡು ತಾವು 1965ರಲ್ಲಿ ಮತ್ತೆ ಮಾಡಿದ ನಾಟಕ. ಜೇನ್ ಮೆರೋ ಅವರ ಜೂಲಿಯಾ ಹೀಗೆ ಅಟ್ಲಾಂಟಿಕ್‌ನ ಆಚೆ ದಡದಿಂದ ಮರಳಿ ಬಂದಳು. ಫಿಲ್ಮ್‌ಗೇ ಇಳಿಯದ ನಾಟಕ ಎಲ್ಲಿಯೂ ಸಿಗುವುದಿಲ್ಲ, ಆ ಭ್ರಮೆ ನನಗಿಲ್ಲ. ಆದರೆ ಐವತ್ತರ ದಶಕದ ಕೊನೆಯಲ್ಲಿ, ಅರವತ್ತರ ದಶಕದಲ್ಲಿ ಅವರು ಮಾಡಿದ್ದರಲ್ಲಿ ಏನಾದರೂ ಯಾವುದೋ ದೇಶದ ಉಗ್ರಾಣದಲ್ಲಿ ಹೆಸರು ಅಳಿಸಿದ ಡಬ್ಬಿಯೊಳಗೆ ಇರಬಹುದು.

ಇನ್ನು ಕ್ಯಾಥಿಯ ವಿಷಯ. ದೃಶ್ಯ ಹೋದರೂ ಕಾಗದ ಹೋಗಿರಬೇಕಿಲ್ಲ. ರೆಡಿಂಗ್ ಊರಿನ ಕ್ಯಾವರ್‌ಶಾಮ್‌ನಲ್ಲಿ ತಮ್ಮ ಲಿಖಿತ ದಾಖಲೆಗಳ ಭಂಡಾರವಿದೆ. ಸಂಶೋಧಕರು ಮೊದಲೇ ತಿಳಿಸಿ ಹೋಗಿ ಅಲ್ಲಿ ಕಡತಗಳನ್ನು ಓದುತ್ತಾರೆ. 1953ರ ಆ 'ವದರಿಂಗ್ ಹೈಟ್ಸ್'ಗೆ ಸಂಬಂಧಿಸಿ ಅಲ್ಲಿ ಏನೇನಿದೆಯೋ, ಕ್ಯಾಮೆರಾ ಎಲ್ಲಿ ನಿಲ್ಲಬೇಕೆಂದು ಗುರುತು ಹಾಕಿದ ಪ್ರತಿಯೋ, ಪತ್ರವ್ಯವಹಾರವೋ, ನೋಡುಗರ ಅಭಿಪ್ರಾಯದ ವರದಿಯೋ, ಸ್ಥಿರಚಿತ್ರಗಳೋ, ಅವನ್ನೆಲ್ಲ ಒಟ್ಟುಮಾಡಿ ಅಂತರ್ಜಾಲದಲ್ಲಿ ತೆರೆದಿಡಿ. ಅದು ಅಭಿನಯಕ್ಕೆ ಸಮವಾಗುವುದಿಲ್ಲ. ಆದರೂ ಒಬ್ಬ ನಟಿ ಒಂದು ಭಾನುವಾರ ಸಂಜೆ ಎಲ್ಲಿ ನಿಂತಿದ್ದಳು, ಯಾವ ಮಾತಿಗೆ ಎತ್ತ ತಿರುಗಿದಳು, ನೋಡಿದವರು ಏನೆಂದರು ಎಂಬಷ್ಟಾದರೂ ತಿಳಿಯುತ್ತದೆ. 1962ರ ನಾಟಕದ ಜೊತೆಗೆ ಇದನ್ನು ಇಟ್ಟರೆ, ಒಂದೇ ಬರವಣಿಗೆ ಎರಡು ಕೈಗಳಲ್ಲಿ ಏನಾಯಿತು ಎಂದು ಓದುವ ಅವಕಾಶ ವಿದ್ಯಾರ್ಥಿಗಳಿಗೆ ಸಿಗುತ್ತದೆ.

ಕೊನೆಯದಾಗಿ ಒಂದು ಸಣ್ಣ ಬೇಡಿಕೆ. '1984'ರ ಬಗ್ಗೆ ತಮ್ಮ ಸಂಸ್ಥೆ ಮುಂದೆ ಏನೇ ಬರೆದರೂ, ಏನೇ ಪ್ರಸಾರ ಮಾಡಿದರೂ, ಜೂಲಿಯಾ ಆಡಿದವರ ಹೆಸರನ್ನು ಕುಶಿಂಗ್ ಅವರ ಹೆಸರಿನ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿ. ಅದಕ್ಕೆ ಯಾವ ಸಮಿತಿಯ ಒಪ್ಪಿಗೆಯೂ ಬೇಕಾಗಲಾರದು.

ತಮ್ಮ ಉತ್ತರವನ್ನು ನಿರೀಕ್ಷಿಸುತ್ತೇನೆ. ಈ ನಾಲ್ಕರಲ್ಲಿ ಯಾವುದನ್ನು ಮಾಡುತ್ತೀರಿ, ಯಾವುದನ್ನು ಮಾಡಲಾಗದು, ಏಕೆ ಎಂಬಷ್ಟು ತಿಳಿಸಿದರೆ ಸಾಕು. ತಾವು ಇಂಗ್ಲಿಷಿನಲ್ಲಿ ಬರೆದುದನ್ನು ನಾನೇ ಕನ್ನಡಕ್ಕೆ ತಂದು, ಒಂದಕ್ಷರ ಬಿಡದೆ, ಇದೇ ಓದುಗರ ಮುಂದೆ ಇಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಇಂಗ್ಲೆಂಡಿನಲ್ಲಿರುವ ಒಬ್ಬ ಕನ್ನಡಿಗ ವೀಕ್ಷಕ